ಕಾಯಿಲೆ ಮತ್ತು ನ್ಯಾಯಾಲಯದ ಕಾಲಮಿತಿ: ವಿಳಂಬ ಮನ್ನಾದ ಇತಿಹಾಸ

ನ್ಯಾಯಾಲಯಕ್ಕೆ ಮೇಲ್ಮನವಿ, ಅರ್ಜಿ ಅಥವಾ ಲಿಖಿತ ಹೇಳಿಕೆ ಸಲ್ಲಿಸಲು ಕಾನೂನು ದಿನಗಳನ್ನು ಗೊತ್ತುಪಡಿಸಿರುತ್ತದೆ. ಆ ದಿನಗಳಲ್ಲಿ ಕಕ್ಷಿದಾರ ಹಾಸಿಗೆ ಹಿಡಿದರೆ ಅವನ ಹಕ್ಕು ಉಳಿಯುತ್ತದೆಯೇ, ಅಳಿಯುತ್ತದೆಯೇ ಎಂಬುದು ಹಳೆಯ ಪ್ರಶ್ನೆ. ಭಾರತದಲ್ಲಿ ಇದಕ್ಕೆ ಮುಖ್ಯ ಉತ್ತರ ಇರುವುದು 1963ರ ಕಾಲಮಿತಿ ಕಾಯಿದೆಯ 5ನೇ ಕಲಮಿನಲ್ಲಿ. ತಡವಾದದ್ದಕ್ಕೆ 'ಸಾಕಷ್ಟು ಕಾರಣ' ಇತ್ತೆಂದು ಮನಗಂಡರೆ ನ್ಯಾಯಾಲಯ ವಿಳಂಬವನ್ನು ಮನ್ನಿಸಬಹುದು ಎಂದು ಅದು ಹೇಳುತ್ತದೆ. ಈ ಕಲಮಿನಲ್ಲಿ ಕಾಯಿಲೆಯ ಹೆಸರೇ ಇಲ್ಲ. ಹಾಗಿದ್ದೂ ವಿಳಂಬ ಮನ್ನಾ ಅರ್ಜಿಗಳಲ್ಲಿ ಪದೇ ಪದೇ ಕಾಣುವ ಕಾರಣಗಳಲ್ಲಿ ಅದೂ ಒಂದು. ಕಾಯಿಲೆ ಯಾವಾಗ ಸಾಕಷ್ಟು ಕಾರಣವಾಗುತ್ತದೆ, ಯಾವಾಗ ಆಗುವುದಿಲ್ಲ ಎಂಬ ನಿಯಮಗಳನ್ನು ನ್ಯಾಯಾಲಯಗಳೇ ತೀರ್ಪಿನಿಂದ ತೀರ್ಪಿಗೆ ಕಟ್ಟಿಕೊಂಡು ಬಂದಿವೆ.

ಪ್ರಾಚೀನ ನೆಲೆಗಳು

ರೋಗಿಗೆ ವಿನಾಯಿತಿ ಕೊಡುವ ನಿಯಮ ಬಹು ಹಳೆಯದು. ಕ್ರಿ.ಪೂ. 450ರ ಸುಮಾರಿಗೆ ರೋಮ್‌ನಲ್ಲಿ ರೂಪುಗೊಂಡ 'ಹನ್ನೆರಡು ಫಲಕಗಳ' ಕಾನೂನಿನ ಪ್ರಕಾರ, ಪ್ರತಿವಾದಿ ರೋಗದಿಂದಲೋ ಮುಪ್ಪಿನಿಂದಲೋ ಬಳಲುತ್ತಿದ್ದರೆ ಅವನನ್ನು ಕರೆತರಲು ವಾದಿಯೇ ಒಂದು ಸವಾರಿ ಪ್ರಾಣಿಯನ್ನು ಒದಗಿಸಬೇಕಿತ್ತು. ಹಾಸಿಗೆ ಹಾಸಿದ ಮುಚ್ಚುಗಾಡಿಯನ್ನೇ ಕೊಡಬೇಕೆಂಬ ಕಡ್ಡಾಯವಿರಲಿಲ್ಲ. ನ್ಯಾಯಾಧೀಶನಿಗೋ ಕಕ್ಷಿದಾರರಲ್ಲಿ ಒಬ್ಬರಿಗೋ ಗಂಭೀರ ಕಾಯಿಲೆ ಬಂದರೆ ವಿಚಾರಣೆಯ ದಿನವನ್ನೇ ಮುಂದೂಡಲು ಅದೇ ಕಾನೂನಿನಲ್ಲಿ ಅವಕಾಶವಿತ್ತು.

ಭಾರತದ ಧರ್ಮಶಾಸ್ತ್ರಗಳ ವ್ಯವಹಾರ ಭಾಗದಲ್ಲೂ ಇದೇ ಚಿಂತನೆ ಕಾಣುತ್ತದೆ. ಇದರ ಒಂದು ಮುಖ್ಯ ನಿರೂಪಣೆ ಕನ್ನಡ ನಾಡಿನಲ್ಲೇ ಸಿದ್ಧವಾಯಿತು. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ (ಆಳ್ವಿಕೆ 1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ಬರೆದನು. ರಾಜನು ಯಾರನ್ನು ನ್ಯಾಯಸಭೆಗೆ ಕರೆಸಬಾರದು ಎಂಬ ಪಟ್ಟಿಯನ್ನು ಅವನು ಅಲ್ಲಿ ಕೊಡುತ್ತಾನೆ. ಅದರಲ್ಲಿ ಮೊದಲು ಬರುವವನು ರೋಗಿ. ಬಾಲಕರು, ಮುದುಕರು, ಸಂಕಟದಲ್ಲಿರುವವರು ಅವನ ನಂತರ ಬರುತ್ತಾರೆ. ಈ ವಿನಾಯಿತಿಗೆ ಒಂದು ಮಿತಿಯೂ ಉಂಟು. ದೇಶಕಾಲವನ್ನೂ ವ್ಯಾಜ್ಯದ ಗುರುಲಘುತ್ವವನ್ನೂ ತೂಗಿನೋಡಿ, ಅಗತ್ಯ ಬಿದ್ದರೆ ರೋಗಿಯನ್ನೂ ವಾಹನದಲ್ಲಿ ನಿಧಾನವಾಗಿ ಕರೆಸಬಹುದು. ಕಾಯಿಲೆಯವನ ಮೇಲೆ ಕರುಣೆ ಇರಲಿ, ಆದರೆ ಎದುರಾಳಿಯ ವ್ಯಾಜ್ಯ ಕೊನೆಯಿಲ್ಲದೆ ನಿಲ್ಲದಿರಲಿ ಎಂಬುದು ಇದರ ತಾತ್ಪರ್ಯ. ಇಂದಿನ ನ್ಯಾಯಾಲಯಗಳು ತೂಗುತ್ತಿರುವುದೂ ಇದೇ ಎರಡು ಹಿತಗಳನ್ನು.

ಇಂಗ್ಲೆಂಡಿನ ಪದ್ಧತಿ

12 ಮತ್ತು 13ನೇ ಶತಮಾನಗಳ ಇಂಗ್ಲೆಂಡಿನಲ್ಲಿ ಗೈರುಹಾಜರಿಗೆ ಮಾನ್ಯವಾದ ನೆಪಗಳನ್ನು 'ಎಸಾಯ್ನ್' ಎಂದು ಕರೆಯುತ್ತಿದ್ದರು. 1180ರ ದಶಕದ ಕೊನೆಯಲ್ಲಿ ರಚಿತವಾದ, ಗ್ಲಾನ್‌ವಿಲ್ ಹೆಸರಿನಲ್ಲಿ ಪ್ರಸಿದ್ಧವಾದ ಗ್ರಂಥದಲ್ಲಿ ಇವುಗಳ ವಿವರವಿದೆ. ನ್ಯಾಯಾಲಯಕ್ಕೆ ಬರುವ ದಾರಿಯಲ್ಲಿ ಕಾಯಿಲೆ ಬೀಳುವುದು ಒಂದು ಬಗೆ, ಮನೆಯಲ್ಲೇ ಹಾಸಿಗೆ ಹಿಡಿಯುವುದು ಇನ್ನೊಂದು ಬಗೆ. ಭೂಮಿಯ ವ್ಯಾಜ್ಯಗಳಲ್ಲಿ ಎರಡನೆಯ ಬಗೆಯ ನೆಪ ಹೂಡಿದರೆ ನಾಲ್ವರು ನೈಟ್‌ಗಳು ರೋಗಿಯ ಮನೆಗೇ ಹೋಗಿ ನೋಡಿ ಬರುತ್ತಿದ್ದರು. ಕಾಯಿಲೆ ನಿಜವಾಗಿಯೂ ದೀರ್ಘವಾದದ್ದು ಎಂದು ಅವರು ವರದಿ ಮಾಡಿದರೆ ಒಂದು ವರ್ಷ ಮತ್ತು ಒಂದು ದಿನದ ಗಡುವು ಸಿಗುತ್ತಿತ್ತು. ಹಾಗೆ ಗಡುವು ಪಡೆದವನು ನ್ಯಾಯಾಲಯದ ಅಪ್ಪಣೆಯಿಲ್ಲದೆ ಹಾಸಿಗೆಯಿಂದ ಎದ್ದು ಓಡಾಡುವಂತಿರಲಿಲ್ಲ. ವೈದ್ಯರ ಪ್ರಮಾಣಪತ್ರದ ರೂಢಿ ಬರುವ ಮೊದಲೇ ರೋಗಕ್ಕೆ ಪುರಾವೆ ಕೇಳುವ ಪದ್ಧತಿ ಹೀಗೆ ನೆಲೆಯೂರಿತ್ತು.

ಇಂಗ್ಲೆಂಡ್ 1623ರಲ್ಲಿ ಮಾಡಿದ ಕಾಲಮಿತಿ ಶಾಸನ ಬೇರೆ ದಾರಿ ಹಿಡಿಯಿತು. ಅಪ್ರಾಪ್ತರು, ವಿವಾಹಿತ ಸ್ತ್ರೀಯರು, ಬುದ್ಧಿ ಸ್ವಾಧೀನದಲ್ಲಿಲ್ಲದವರು, ಸೆರೆಯಲ್ಲಿದ್ದವರು ಮತ್ತು ಸಮುದ್ರದಾಚೆ ಇದ್ದವರಿಗೆ ಅದು ದಾವೆ ಹೂಡಲು ಹೆಚ್ಚಿನ ಕಾಲ ಕೊಟ್ಟಿತು. ದೈಹಿಕ ಕಾಯಿಲೆ ಆ ಪಟ್ಟಿಯಲ್ಲಿ ಸೇರಲಿಲ್ಲ. ದಾವೆಗೆ ವರ್ಷಗಟ್ಟಲೆ ಕಾಲವಿರುವಾಗ ಜ್ವರವೋ ಗಾಯವೋ ಹಕ್ಕನ್ನು ಮುಳುಗಿಸದು ಎಂಬುದು ಇದರ ಹಿಂದಿನ ತರ್ಕ. ಭಾರತದ ಕಾನೂನಿಗೂ ಈ ಭೇದ ಇಳಿದು ಬಂತು.

ಬ್ರಿಟಿಷ್ ಭಾರತದ ಕಾಯಿದೆಗಳು

ಬ್ರಿಟಿಷ್ ಭಾರತದಲ್ಲಿ ಕಾಲಮಿತಿಯ ಮೊದಲ ಸಾಮಾನ್ಯ ಕಾನೂನು ಬಂದದ್ದು 1859ರಲ್ಲಿ. ಅದರ ಸ್ಥಾನಕ್ಕೆ 1871, 1877 ಮತ್ತು 1908ರ ಕಾಯಿದೆಗಳು ಒಂದರ ಹಿಂದೊಂದು ಬಂದವು. ಮೇಲ್ಮನವಿ ಮತ್ತು ತೀರ್ಪಿನ ಪುನರ್ವಿಮರ್ಶೆಯ ಅರ್ಜಿ ತಡವಾಗಿ ಬಂದರೂ ಸಾಕಷ್ಟು ಕಾರಣವಿದ್ದರೆ ಸ್ವೀಕರಿಸಬಹುದು ಎಂಬ ನಿಯಮ 1871ರ ಕಾಯಿದೆಯ 5ನೇ ಕಲಮಿನಲ್ಲಿತ್ತು. ಮುಂದಿನ ಕಾಯಿದೆಗಳೂ ಅದನ್ನು ಅದೇ ಸಂಖ್ಯೆಯಲ್ಲಿ ಉಳಿಸಿಕೊಂಡವು. ಇಂದಿಗೂ ವಕೀಲರ ಬಾಯಲ್ಲಿ 'ಸೆಕ್ಷನ್ ಐದರ ಅರ್ಜಿ' ಎಂದರೆ ವಿಳಂಬ ಮನ್ನಾ ಅರ್ಜಿ ಎಂದೇ ಅರ್ಥ.

ಈ ಕಲಮನ್ನು ಹೇಗೆ ಓದಬೇಕೆಂಬುದಕ್ಕೆ ದಾರಿ ತೋರಿದ್ದು ಮದ್ರಾಸ್ ಹೈಕೋರ್ಟ್. 1890ರ ಕೃಷ್ಣ ವಿರುದ್ಧ ಚಾತಪ್ಪನ್ ಪ್ರಕರಣದಲ್ಲಿ ಅದು ಹೇಳಿದ್ದು ಇಷ್ಟು: ಕಕ್ಷಿದಾರನ ಮೇಲೆ ನಿರ್ಲಕ್ಷ್ಯ, ನಿಷ್ಕ್ರಿಯತೆ ಅಥವಾ ಅಪ್ರಾಮಾಣಿಕತೆಯ ಆರೋಪಕ್ಕೆ ಎಡೆಯಿಲ್ಲದಿದ್ದರೆ, ನೈಜ ನ್ಯಾಯ ಸಲ್ಲುವಂತೆ ಸಾಕಷ್ಟು ಕಾರಣ ಎಂಬ ಮಾತಿಗೆ ಉದಾರವಾದ ಅರ್ಥ ಕೊಡಬೇಕು. ಮುಂದೆ ಸುಪ್ರೀಂ ಕೋರ್ಟ್ ಈ ನಿಲುವನ್ನು ಒಪ್ಪಿಕೊಂಡಿತು. ಬುದ್ಧಿಪೂರ್ವಕವಾಗಿ ಕಾಯಿಲೆ ತಂದುಕೊಳ್ಳುವವರು ಯಾರೂ ಇಲ್ಲ. ಹೀಗಾಗಿ ಈ ಮಾತು ರೋಗಿಗಳ ಅರ್ಜಿಗಳಿಗೆ ನೇರವಾಗಿ ಅನ್ವಯಿಸಿತು.

1963ರ ಕಾಯಿದೆ

ಸ್ವಾತಂತ್ರ್ಯಾನಂತರ ಕಾನೂನು ಆಯೋಗವು 1956ರ ತನ್ನ ಮೂರನೇ ವರದಿಯಲ್ಲಿ ಕಾಲಮಿತಿ ಕಾನೂನನ್ನು ಪರಿಶೀಲಿಸಿತು. ಅದರ ಫಲವಾಗಿ ಬಂದ 1963ರ ಕಾಯಿದೆ 1964ರ ಜನವರಿ 1ರಿಂದ ಜಾರಿಗೆ ಬಂತು. 5ನೇ ಕಲಮಿನ ವ್ಯಾಪ್ತಿ ಹಿಗ್ಗಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ ಅಮಲ್ಜಾರಿ ಅರ್ಜಿಗಳನ್ನು ಬಿಟ್ಟು ಉಳಿದೆಲ್ಲ ಅರ್ಜಿಗಳಿಗೂ ಮೇಲ್ಮನವಿಗಳಿಗೂ ಅನ್ವಯವಾಯಿತು. ದಾವೆಗಳು ಮಾತ್ರ ಹೊರಗೇ ಉಳಿದವು. ಪ್ರಾಮಿಸರಿ ನೋಟಿನ ಹಣ ವಸೂಲಿಗೆ ಮೂರು ವರ್ಷದೊಳಗೆ ದಾವೆ ಹೂಡಬೇಕಾದವನು ಕೊನೆಯ ವಾರದಲ್ಲಿ ಪಾರ್ಶ್ವವಾಯುವಿಗೆ ತುತ್ತಾದರೂ 5ನೇ ಕಲಮು ಅವನ ನೆರವಿಗೆ ಬರುವುದಿಲ್ಲ. ಎದುರು ಪಕ್ಷ ಆಕ್ಷೇಪಿಸದಿದ್ದರೂ ಅವಧಿ ಮೀರಿದ ದಾವೆಯನ್ನು ನ್ಯಾಯಾಲಯ ವಜಾ ಮಾಡಲೇಬೇಕೆಂದು 3ನೇ ಕಲಮು ಕಟ್ಟಪ್ಪಣೆ ಮಾಡುತ್ತದೆ.

ಮಾನಸಿಕ ಅಸ್ವಸ್ಥತೆಗೆ ಬೇರೆ ಏರ್ಪಾಡಿದೆ. ದಾವೆಯ ಹಕ್ಕು ಹುಟ್ಟಿದ ದಿನವೇ ವ್ಯಕ್ತಿ ಅಪ್ರಾಪ್ತನಾಗಿದ್ದರೆ ಅಥವಾ ಬುದ್ಧಿ ಸ್ವಾಧೀನದಲ್ಲಿಲ್ಲದವನಾಗಿದ್ದರೆ, ಆ ಸ್ಥಿತಿ ಕಳೆದ ಮೇಲೆ ಕಾಲ ಎಣಿಸಬೇಕೆಂದು 6ನೇ ಕಲಮು ಹೇಳುತ್ತದೆ. 8ನೇ ಕಲಮು ಆ ಹೆಚ್ಚುವರಿ ಅವಕಾಶವನ್ನು ಮೂರು ವರ್ಷಕ್ಕೆ ಸೀಮಿತಗೊಳಿಸುತ್ತದೆ. ಒಮ್ಮೆ ಕಾಲ ಓಡತೊಡಗಿದ ಮೇಲೆ ಬಂದ ಅಸ್ವಸ್ಥತೆ ಅದನ್ನು ನಿಲ್ಲಿಸದು ಎಂದು 9ನೇ ಕಲಮು ಸಾರುತ್ತದೆ.

ಮೇಲ್ಮನವಿಗಳ ಅವಧಿ ಚಿಕ್ಕದು. ಸಿವಿಲ್ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಹೋಗಲು 90 ದಿನ, ಬೇರೆ ನ್ಯಾಯಾಲಯಕ್ಕೆ ಹೋಗಲು 30 ದಿನ. ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಲು ಕೋರುವ ಅರ್ಜಿಗೂ 30 ದಿನವೇ. ಮರಣದಂಡನೆಗೆ ಗುರಿಯಾದವನು ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲೂ 30 ದಿನಗಳ ಗಡುವಿದೆ. ಒಂದು ದೊಡ್ಡ ಶಸ್ತ್ರಚಿಕಿತ್ಸೆ, ಒಂದು ಅಪಘಾತ ಇಷ್ಟು ದಿನಗಳನ್ನು ಸುಲಭವಾಗಿ ನುಂಗಿಬಿಡುತ್ತದೆ. ಕಾಯಿಲೆಯ ಪ್ರಶ್ನೆ ಹೆಚ್ಚು ಏಳುವುದು ಇಲ್ಲಿಯೇ.

ಒಂದು ದಿನದ ಕಾಯಿಲೆ: ರೇವಾ ಕಲ್ಲಿದ್ದಲು ಪ್ರಕರಣ

ಈ ವಿಷಯದ ಮೂಲಸ್ತಂಭವೆನಿಸಿದ ತೀರ್ಪು 1961ರಲ್ಲಿ ಬಂದದ್ದು. ರಾಮ್‌ಲಾಲ್, ಮೋತಿಲಾಲ್ ಮತ್ತು ಛೋಟೇಲಾಲ್ ಎಂಬ ಪಾಲುದಾರಿಕೆ ಸಂಸ್ಥೆಗೂ ರೇವಾ ಕೋಲ್‌ಫೀಲ್ಡ್ಸ್ ಕಂಪನಿಗೂ ನಡುವಿನ ವ್ಯಾಜ್ಯವದು. ವಿಂಧ್ಯ ಪ್ರದೇಶದ ಜುಡಿಷಿಯಲ್ ಕಮಿಷನರ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 1955ರ ಫೆಬ್ರುವರಿ 16 ಕೊನೆಯ ದಿನವಾಗಿತ್ತು. ಮನವಿ ಸಲ್ಲಿಕೆಯಾದದ್ದು 17ರಂದು. ಪಾಲುದಾರ ರಾಮ್‌ಲಾಲ್ ಕಾಯಿಲೆ ಬಿದ್ದದ್ದರಿಂದ ತಡವಾಯಿತೆಂದು ಪ್ರಮಾಣಪತ್ರ ಸಲ್ಲಿಸಿ, ವೈದ್ಯರ ಪತ್ರವನ್ನೂ ಜೊತೆಗಿಟ್ಟರು. ಜುಡಿಷಿಯಲ್ ಕಮಿಷನರ್ ಒಪ್ಪಲಿಲ್ಲ. ಅವಧಿಯುದ್ದಕ್ಕೂ ಸುಮ್ಮನಿದ್ದದ್ದೇಕೆ, ಆದಷ್ಟು ಬೇಗ ಸಲ್ಲಿಸುವುದು ಕರ್ತವ್ಯವಲ್ಲವೇ ಎಂಬುದು ಅವರ ಆಕ್ಷೇಪ.

ಸುಪ್ರೀಂ ಕೋರ್ಟಿನ ಪರವಾಗಿ ತೀರ್ಪು ಬರೆದ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್ ಈ ತರ್ಕವನ್ನು ತಳ್ಳಿಹಾಕಿದರು. ಕಾನೂನು ಕೊಟ್ಟ ಅಷ್ಟೂ ದಿನಗಳನ್ನು ಬಳಸಿಕೊಳ್ಳುವ ಹಕ್ಕು ಕಕ್ಷಿದಾರನಿಗಿದೆ. ಅವನು ವಿವರಿಸಬೇಕಾದದ್ದು ಕೊನೆಯ ದಿನದಿಂದ ಸಲ್ಲಿಸಿದ ದಿನದವರೆಗಿನ ವಿಳಂಬವನ್ನು, ಅದಕ್ಕೂ ಹಿಂದಿನ ದಿನಗಳನ್ನಲ್ಲ. ಇದೇ ತೀರ್ಪು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿತು. ಸಾಕಷ್ಟು ಕಾರಣ ತೋರಿಸಿದ ಮಾತ್ರಕ್ಕೆ ಮನ್ನಾ ಹಕ್ಕಾಗಿ ಸಿಗುವುದಿಲ್ಲ. ಅದರ ನಂತರವೂ ನ್ಯಾಯಾಲಯದ ವಿವೇಚನೆ ಉಳಿದಿರುತ್ತದೆ, ಅಲ್ಲಿ ಕಕ್ಷಿದಾರನ ಪ್ರಾಮಾಣಿಕತೆಯನ್ನು ನೋಡಬಹುದು. ಒಂದೇ ದಿನದ ವಿಳಂಬದಿಂದ ಹುಟ್ಟಿದ ಈ ತೀರ್ಪನ್ನು ಇಂದಿಗೂ ವಕೀಲರು ಉಲ್ಲೇಖಿಸುತ್ತಾರೆ.

ಉದಾರ ವ್ಯಾಖ್ಯಾನದ ದಶಕಗಳು

1987ರ ಅನಂತನಾಗ್ ಭೂಸ್ವಾಧೀನ ಕಲೆಕ್ಟರ್ ವಿರುದ್ಧ ಕಾತಿಜಿ ಪ್ರಕರಣದಲ್ಲಿದ್ದದ್ದು ನಾಲ್ಕು ದಿನಗಳ ವಿಳಂಬ. ಪ್ರತಿ ದಿನದ ವಿಳಂಬಕ್ಕೂ ವಿವರಣೆ ಕೊಡಬೇಕೆಂಬ ಸೂತ್ರವನ್ನು ಅಕ್ಷರಕ್ಕೆ ಅಂಟಿಕೊಂಡು ಬಳಸಬಾರದು, ಸಾಮಾನ್ಯ ಬುದ್ಧಿಯಿಂದ ಬಳಸಬೇಕು ಎಂದು ನ್ಯಾಯಮೂರ್ತಿ ಎಂ.ಪಿ. ಠಕ್ಕರ್ ವಿವರಿಸಿದರು. ಬೇಕೆಂದೇ ತಡಮಾಡುವುದರಿಂದ ಕಕ್ಷಿದಾರನಿಗೆ ಲಾಭವೇನೂ ಇಲ್ಲ, ನಷ್ಟದ ಅಪಾಯವೇ ಹೆಚ್ಚು ಎಂಬುದನ್ನೂ ಅವರು ಎತ್ತಿ ತೋರಿಸಿದರು. 1998ರ ಎನ್. ಬಾಲಕೃಷ್ಣನ್ ಪ್ರಕರಣದಲ್ಲಿ 883 ದಿನಗಳ ವಿಳಂಬ ಮನ್ನಾ ಆಯಿತು. ದಿನಗಳ ಸಂಖ್ಯೆ ಮುಖ್ಯವಲ್ಲ, ವಿವರಣೆ ನಂಬುವಂತಿದೆಯೇ ಎಂಬುದೇ ಮುಖ್ಯ ಎಂದು ಸುಪ್ರೀಂ ಕೋರ್ಟ್ ಹೇಳಿತು. ಈ ಎರಡು ಪ್ರಕರಣಗಳಲ್ಲಿ ಕಾರಣ ಕಾಯಿಲೆಯಲ್ಲ. ಆದರೂ ಇವು ಹಾಕಿಕೊಟ್ಟ ಅಳತೆಗೋಲನ್ನು ಕಾಯಿಲೆಯ ಅರ್ಜಿಗಳಿಗೂ ಬಳಸಲಾಗುತ್ತಿದೆ.

ಅರ್ಜಿ ಮತ್ತು ಪುರಾವೆ

1976ರ ತಿದ್ದುಪಡಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶಕ್ಕೆ 3ಎ ನಿಯಮವನ್ನು ಸೇರಿಸಿತು. ಅವಧಿ ಮೀರಿದ ಮೇಲ್ಮನವಿಯ ಜೊತೆಗೇ ಪ್ರಮಾಣಪತ್ರಸಹಿತ ಮನ್ನಾ ಅರ್ಜಿ ಇರಬೇಕು, ಅದು ತೀರ್ಮಾನವಾಗುವವರೆಗೆ ಡಿಕ್ರಿಗೆ ತಡೆಯಾಜ್ಞೆ ಕೊಡಬಾರದು ಎಂಬುದು ಅದರ ಸಾರ.

ಲೆಕ್ಕ ಹೇಗೆ ಸಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. 30 ದಿನಗಳ ಮೇಲ್ಮನವಿಯೊಂದರಲ್ಲಿ ಡಿಕ್ರಿ ಆದದ್ದು ಜೂನ್ 1ರಂದು ಎಂದಿಟ್ಟುಕೊಳ್ಳೋಣ. ಆ ದಿನವನ್ನು ಬಿಟ್ಟು ಎಣಿಸಿದರೆ ಜುಲೈ 1 ಕೊನೆಯ ದಿನ. ದೃಢೀಕೃತ ನಕಲಿಗೆ ಜೂನ್ 3ರಂದು ಅರ್ಜಿ ಹಾಕಿ 10ರಂದು ನಕಲು ಸಿಕ್ಕಿದ್ದರೆ, 12ನೇ ಕಲಮಿನಂತೆ ಆ 8 ದಿನಗಳು ಲೆಕ್ಕದಿಂದ ಹೊರಗಾಗಿ ಗಡುವು ಜುಲೈ 9ಕ್ಕೆ ಸರಿಯುತ್ತದೆ. ಕಕ್ಷಿದಾರ ಡೆಂಗಿ ಜ್ವರದಿಂದ ಜುಲೈ 5ರಂದು ಆಸ್ಪತ್ರೆ ಸೇರಿ 16ರಂದು ಬಿಡುಗಡೆಯಾಗಿ, 22ರವರೆಗೆ ವಿಶ್ರಾಂತಿಯ ಸಲಹೆ ಪಡೆದು, 24ರಂದು ಮೇಲ್ಮನವಿ ಸಲ್ಲಿಸಿದರೆ ವಿಳಂಬ 15 ದಿನ. ಒಳರೋಗಿಯಾಗಿದ್ದ ದಿನಗಳಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ವಿಶ್ರಾಂತಿಯ ದಿನಗಳಿಗೆ ವೈದ್ಯರ ಪತ್ರ, ಉಳಿದ ಎರಡು ದಿನಗಳಿಗೆ ವಕೀಲರನ್ನು ಕಂಡು ಕಾಗದ ಸಿದ್ಧಪಡಿಸಿದ ವಿವರ ಇದ್ದರೆ ಸರಪಳಿ ಎಲ್ಲೂ ಕಡಿಯುವುದಿಲ್ಲ. 'ನನಗೆ ಆರೋಗ್ಯ ಸರಿ ಇರಲಿಲ್ಲ' ಎಂಬ ಒಂದೇ ಸಾಲಿನ ಪ್ರಮಾಣಪತ್ರಕ್ಕೆ ಈ ಬಲವಿಲ್ಲ.

ವೈದ್ಯರ ಮೇಲೂ ಹೊಣೆಯಿದೆ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿನಡತೆಯ ನಿಯಮಗಳ ಪ್ರಕಾರ ವೈದ್ಯರು ತಾವು ಕೊಟ್ಟ ಪ್ರಮಾಣಪತ್ರಗಳ ದಾಖಲೆ ಪುಸ್ತಕ ಇಡಬೇಕು. ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ವಿಳಾಸ, ಕನಿಷ್ಠ ಒಂದು ಗುರುತಿನ ಚಿಹ್ನೆಯನ್ನು ಬರೆದುಕೊಂಡು ಪತ್ರದ ಪ್ರತಿಯನ್ನು ಉಳಿಸಿಕೊಳ್ಳಬೇಕು. ಸುಳ್ಳು ಪ್ರಮಾಣಪತ್ರಕ್ಕೆ ಸಹಿ ಹಾಕುವುದು ವೃತ್ತಿದ್ರೋಹ. ಎದುರು ಪಕ್ಷ ಕಾಯಿಲೆಯನ್ನೇ ಅಲ್ಲಗಳೆದಾಗ ಈ ದಾಖಲೆಗಳು ನಿಜವಾದ ರೋಗಿಯ ಕೈಹಿಡಿಯುತ್ತವೆ.

ವಕೀಲರ ಕಾಯಿಲೆಯನ್ನು ಕಾನೂನು ಬೇರೆಯಾಗಿಯೇ ನೋಡುತ್ತದೆ. ವಿಚಾರಣೆ ಮುಂದೂಡುವ ಬಗ್ಗೆ 17ನೇ ಆದೇಶದಲ್ಲಿರುವ ನಿಯಮದಂತೆ, ವಕೀಲರು ಅಸ್ವಸ್ಥರೆಂದು ಹೇಳಿದರಷ್ಟೇ ಸಾಲದು. ಸಕಾಲದಲ್ಲಿ ಬೇರೊಬ್ಬ ವಕೀಲರನ್ನು ನೇಮಿಸಿಕೊಳ್ಳಲು ಸಾಧ್ಯವಿರಲಿಲ್ಲ ಎಂಬುದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು.

ಬಿಗಿಯಾದ ನಿಲುವು: ಕರ್ನಾಟಕದ ಒಂದು ಪ್ರಕರಣ

ಉದಾರತೆಯ ಮಿತಿ ಎಲ್ಲಿದೆ ಎಂಬುದನ್ನು ಸ್ಪಷ್ಟಪಡಿಸಿದ ತೀರ್ಪು ಕರ್ನಾಟಕದಿಂದ ಹೋದದ್ದು. ಬಸವರಾಜ್ ವಿರುದ್ಧ ವಿಶೇಷ ಭೂಸ್ವಾಧೀನ ಅಧಿಕಾರಿ ಪ್ರಕರಣದಲ್ಲಿ ಜಮೀನು ಕಳೆದುಕೊಂಡವರು ಪರಿಹಾರದ ಸಂಬಂಧ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸುವಾಗ ಐದೂವರೆ ವರ್ಷ ತಡವಾಗಿತ್ತು. ಮೇಲ್ಮನವಿದಾರರಲ್ಲಿ ಒಬ್ಬರ ಕಾಯಿಲೆಯನ್ನು ಕಾರಣವಾಗಿ ಮುಂದಿಟ್ಟರು. ಹೈಕೋರ್ಟ್ ಮನ್ನಿಸಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕಾಲಮಿತಿಯ ಕಾನೂನು ಒಬ್ಬ ಕಕ್ಷಿದಾರನಿಗೆ ಕಠಿಣವಾಗಿ ತೋರಬಹುದು, ಆದರೂ ಶಾಸನ ಹಾಗೆ ವಿಧಿಸಿರುವಾಗ ಅದನ್ನು ಜಾರಿಗೊಳಿಸಲೇಬೇಕು, ಅನುಕಂಪವೊಂದರಿಂದಲೇ ಅವಧಿಯನ್ನು ಹಿಗ್ಗಿಸಲಾಗದು ಎಂಬುದು ತೀರ್ಪಿನ ತಿರುಳು.

ರೇವಾ ಪ್ರಕರಣಕ್ಕೂ ಇದಕ್ಕೂ ವಿರೋಧವಿಲ್ಲ. ಎರಡರಲ್ಲೂ ಕೇಳಿದ ಪ್ರಶ್ನೆ ಒಂದೇ: ಈ ಕಾಯಿಲೆ ಇಷ್ಟು ದಿನಗಳ ವಿಳಂಬಕ್ಕೆ ನಿಜವಾಗಿಯೂ ಕಾರಣವಾಯಿತೇ? ಒಂದು ದಿನದ ಕಾಯಿಲೆ ಒಂದು ದಿನದ ವಿಳಂಬವನ್ನು ಪೂರ್ತಿ ವಿವರಿಸಿತು. ಒಬ್ಬರ ಕಾಯಿಲೆ ಐದೂವರೆ ವರ್ಷಗಳನ್ನು ವಿವರಿಸಲಿಲ್ಲ. ಇತ್ತೀಚೆಗೆ ಬಿಗಿ ಇನ್ನೂ ಹೆಚ್ಚಿದೆ. ಕರ್ನಾಟಕ ಗೃಹ ಮಂಡಳಿಯ 3,966 ದಿನಗಳ ವಿಳಂಬವನ್ನು ಹೈಕೋರ್ಟ್ ಮನ್ನಿಸಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2025ರಲ್ಲಿ ರದ್ದುಪಡಿಸಿತು. ಅಲ್ಲಿ ತಡಮಾಡಿದ್ದು ರೋಗಿಯಲ್ಲ, ಸರ್ಕಾರಿ ಸಂಸ್ಥೆ.

ವಿಶೇಷ ಕಾನೂನುಗಳ ಕೊನೆಯ ಗಡಿ

ವ್ಯಾಜ್ಯಗಳು ಬೇಗ ಮುಗಿಯಲೆಂದು ರೂಪಿಸಿದ ವಿಶೇಷ ಕಾನೂನುಗಳು ಮನ್ನಾದ ಅಧಿಕಾರಕ್ಕೇ ಗಡಿ ಹಾಕಿವೆ. 1996ರ ಮಧ್ಯಸ್ಥಿಕೆ ಕಾಯಿದೆಯಡಿ ತೀರ್ಪನ್ನು ಪ್ರಶ್ನಿಸಲು ಮೂರು ತಿಂಗಳ ಅವಕಾಶವಿದೆ, ಸಾಕಷ್ಟು ಕಾರಣವಿದ್ದರೆ ಇನ್ನೂ 30 ದಿನ. ಆಮೇಲೆ ಮನ್ನಿಸುವ ಅಧಿಕಾರವೇ ಇಲ್ಲವೆಂದು ಸುಪ್ರೀಂ ಕೋರ್ಟ್ 2001ರ ಪಾಪ್ಯುಲರ್ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ ತೀರ್ಮಾನಿಸಿತು. ದಿವಾಳಿ ಸಂಹಿತೆಯಡಿ ಮೇಲ್ಮನವಿಗೆ 30 ದಿನ, ಮೇಲೆ 15 ದಿನ. ಗ್ರಾಹಕ ವ್ಯಾಜ್ಯಗಳಲ್ಲಿ ಎದುರುದಾರರ ಉತ್ತರಕ್ಕೆ 30 ಮತ್ತು 15 ದಿನಗಳ ಮಿತಿ ಕಡ್ಡಾಯವೆಂದು 2020ರಲ್ಲಿ ಸಂವಿಧಾನ ಪೀಠ ಹೇಳಿತು. ಚುನಾವಣಾ ತಕರಾರು ಅರ್ಜಿಗೆ 45 ದಿನ, ಅಲ್ಲಿಗೆ 5ನೇ ಕಲಮು ಅನ್ವಯಿಸದೆಂದು 1974ರಲ್ಲೇ ತೀರ್ಮಾನವಾಗಿತ್ತು.

ಲಿಖಿತ ಹೇಳಿಕೆಯ ವಿಷಯದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಸಾಮಾನ್ಯ ಸಿವಿಲ್ ದಾವೆಗಳಲ್ಲಿ 90 ದಿನಗಳ ಮಿತಿ ಮಾರ್ಗದರ್ಶಿ ಮಾತ್ರ, ಅಸಾಧಾರಣ ಸಂದರ್ಭದಲ್ಲಿ ಹಿಗ್ಗಿಸಬಹುದು ಎಂದು 2005ರ ಕೈಲಾಶ್ ವಿರುದ್ಧ ನನ್ಹಕು ತೀರ್ಪು ಹೇಳುತ್ತದೆ. ವಾಣಿಜ್ಯ ದಾವೆಗಳಲ್ಲಿ 120 ದಿನ ದಾಟಿದರೆ ಉತ್ತರ ಕೊಡುವ ಹಕ್ಕೇ ಹೋಗುತ್ತದೆ ಎಂದು 2019ರ ತೀರ್ಪೊಂದು ಖಚಿತಪಡಿಸಿತು. ಒಂದೇ ಕಾಯಿಲೆಯ ಒಬ್ಬನೇ ಪ್ರತಿವಾದಿಗೆ ಒಂದು ನ್ಯಾಯಾಲಯದಲ್ಲಿ ಬಾಗಿಲು ತೆರೆದಿದೆ, ಇನ್ನೊಂದರಲ್ಲಿ ಮುಚ್ಚಿದೆ.

ಕೋವಿಡ್ ಕಾಲ

2020ರಲ್ಲಿ ಕಾಯಿಲೆ ಒಬ್ಬ ಕಕ್ಷಿದಾರನದಾಗಿ ಉಳಿಯದೆ ಇಡೀ ದೇಶದ್ದಾಯಿತು. ದೇಶಾದ್ಯಂತ ಲಾಕ್‌ಡೌನ್ ಜಾರಿಯಾಗುವುದಕ್ಕೆ ಎರಡು ದಿನ ಮೊದಲು, ಮಾರ್ಚ್ 23ರಂದು, ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ಸಂವಿಧಾನದ 142ನೇ ವಿಧಿಯ ಅಧಿಕಾರ ಬಳಸಿ ಎಲ್ಲ ಕಾಲಮಿತಿಗಳನ್ನೂ ಮಾರ್ಚ್ 15ರಿಂದ ವಿಸ್ತರಿಸಿತು. ಯಾರೂ ವೈದ್ಯರ ಪತ್ರ ತರಬೇಕಾಗಿರಲಿಲ್ಲ, ಅರ್ಜಿಯೂ ಬೇಕಿರಲಿಲ್ಲ. 2021ರ ಮಾರ್ಚ್ 8ರಂದು ಈ ಸೌಲಭ್ಯಕ್ಕೆ ತೆರೆ ಎಳೆದ ನ್ಯಾಯಾಲಯ, ಎರಡನೇ ಅಲೆ ಅಪ್ಪಳಿಸಿದಾಗ ಏಪ್ರಿಲ್ 27ರಂದು ಅದನ್ನು ಮರಳಿ ಕೊಟ್ಟಿತು. 2022ರ ಜನವರಿ 10ರ ಅಂತಿಮ ಆದೇಶದಂತೆ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅವಧಿಯನ್ನು ಪೂರ್ತಿಯಾಗಿ ಲೆಕ್ಕದಿಂದ ಬಿಡಲಾಯಿತು. ಆ ನಡುವೆ ಗಡುವು ಮುಗಿದವರಿಗೆ ಮಾರ್ಚ್ 1ರಿಂದ 90 ದಿನ ಸಿಕ್ಕವು.

ಇಲ್ಲೊಂದು ಮುಖ್ಯ ತಿರುವಿದೆ. 2020ರ ಸೆಪ್ಟೆಂಬರಿನ ಸಗುಫಾ ಅಹ್ಮದ್ ತೀರ್ಪು ಈ ವಿಸ್ತರಣೆ ಮೂಲ ಅವಧಿಗೆ ಮಾತ್ರ ಸಲ್ಲುತ್ತದೆ, ಮನ್ನಿಸಬಹುದಾದ ಹೆಚ್ಚುವರಿ ದಿನಗಳಿಗಲ್ಲ ಎಂದಿತ್ತು. 2021ರ ಮಾರ್ಚ್ ಆದೇಶ ವಿಶೇಷ ಕಾನೂನುಗಳ ಕೊನೆಯ ಗಡಿಯನ್ನೂ ಹೆಸರಿಸಿ ಒಳಗೆ ಸೇರಿಸಿಕೊಂಡಿತು. ದಾಟಲಾಗದೆಂದು ಭಾವಿಸಿದ್ದ ಗಡಿಗಳು ಸರಿದವು. ದಾವೆಗಳಿಗೂ ಕಾಯಿಲೆಯ ಹೆಸರಿನಲ್ಲಿ ಕಾಲ ಸಿಕ್ಕಿತು.

ಮೌಲ್ಯಮಾಪನ

ರೋಗಿಗೆ ಕಾಲಾವಕಾಶ ಕೊಡಬೇಕೆಂಬುದರಲ್ಲಿ ರೋಮ್, ಕಲ್ಯಾಣ, ಲಂಡನ್, ದೆಹಲಿ ಎಲ್ಲವೂ ಒಪ್ಪಿವೆ. ಪುರಾವೆ ಕೇಳುವುದು ತಪ್ಪಲ್ಲ. ಗೆದ್ದ ಪಕ್ಷಕ್ಕೂ ನೆಮ್ಮದಿಯ ಹಕ್ಕಿದೆ, ಸುಳ್ಳು ಪ್ರಮಾಣಪತ್ರಗಳು ನಿಜವಾದ ರೋಗಿಗಳ ಮೇಲಿನ ನಂಬಿಕೆಯನ್ನೇ ಹಾಳುಮಾಡುತ್ತವೆ. ಮನೆಯಿಂದಲೇ ಸಲ್ಲಿಸಬಹುದಾದ ಇ-ಫೈಲಿಂಗ್ ವ್ಯವಸ್ಥೆ ಬಂದ ಮೇಲೆ ಸಣ್ಣಪುಟ್ಟ ಕಾಯಿಲೆಯ ನೆಪ ದುರ್ಬಲವಾಗುವುದೂ ಸಹಜ. ಆದರೆ ತುರ್ತು ನಿಗಾ ಘಟಕದಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದವನಿಗೂ 120ನೇ ದಿನಕ್ಕೆ ಬಾಗಿಲು ಮುಚ್ಚುವ ಕಾನೂನು ನ್ಯಾಯದ ಅಳತೆಯಲ್ಲಿ ಕೊರತೆಯುಳ್ಳದ್ದು. ಆ ಕೊರತೆಯನ್ನು ನ್ಯಾಯಾಲಯಗಳು ಸಹಾನುಭೂತಿಯಿಂದ ತುಂಬಲಾರವು, ಶಾಸನವೇ ತುಂಬಬೇಕು. ಆಸ್ಪತ್ರೆಯ ದಾಖಲೆಗಳಿಂದ ಸಾಬೀತಾದ, ವ್ಯಕ್ತಿಯನ್ನು ಸಂಪೂರ್ಣ ಅಶಕ್ತನನ್ನಾಗಿಸಿದ ಕಾಯಿಲೆಗೆ ಪ್ರತಿ ವಿಶೇಷ ಕಾನೂನಿನಲ್ಲೂ ಒಂದು ಕಿರಿದಾದ ವಿನಾಯಿತಿ ಬೇಕು. ಅಂಥ ವಿನಾಯಿತಿ ಬರುವವರೆಗೆ ಕಕ್ಷಿದಾರರು ಮಾಡಬಹುದಾದದ್ದು ಎರಡು: ಚಿಕಿತ್ಸೆಯ ಪ್ರತಿಯೊಂದು ಕಾಗದವನ್ನೂ ದಿನಾಂಕಸಹಿತ ಜೋಪಾನವಾಗಿಡುವುದು, ಚೇತರಿಸಿಕೊಂಡ ಮೊದಲ ದಿನವೇ ವಕೀಲರನ್ನು ಕಾಣುವುದು.